ಗಂಗಾವತಿಯಲ್ಲಿ ಕೂತು ಫ್ರೆಂಚ್ ಓದುವವರಿಗೆ

ಕೊಪ್ಪಳದ ಕೋಟೆಗೆ ಫ್ರೆಂಚರ ಕೈ ತಾಗಿದೆ. 1786ರಲ್ಲಿ ಪಾಳೆಯಗಾರನಿಂದ ಕೋಟೆಯನ್ನು ಕಿತ್ತುಕೊಂಡ ಟಿಪ್ಪು ಸುಲ್ತಾನ, ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಅದನ್ನು ಹೊಸದಾಗಿ ಬಲಪಡಿಸಿದ. 1790ರಲ್ಲಿ ಬ್ರಿಟಿಷರೂ ನಿಜಾಮನ ಸೈನ್ಯವೂ ಸೇರಿ ಮುತ್ತಿಗೆ ಹಾಕಿದಾಗ ಆ ದಂಡಿನಲ್ಲಿ ಜಾನ್ ಮಾಲ್ಕಮ್ ಎಂಬ ಎಳೆಯ ಅಧಿಕಾರಿಯಿದ್ದ. ಮುಂದೆ ಮುಂಬೈಗೆ ಗವರ್ನರ್ ಆದವನು. ಭಾರತದಲ್ಲಿ ತಾನು ಕಂಡ ಜಾಗಗಳಲ್ಲೆಲ್ಲ ಇದೇ ಅತಿ ಗಟ್ಟಿ ಎಂದು ಆತ ಬರೆದಿಟ್ಟ. ಅಂಥ ಗೋಡೆ ಎಬ್ಬಿಸಿ ಹೋದವರ ಭಾಷೆ ಮಾತ್ರ ಈ ನೆಲದಲ್ಲಿ ಬೇರು ಬಿಡಲಿಲ್ಲ.

ಈಗ ಅದು ಮೊಬೈಲ್ ಮೂಲಕ ಮತ್ತೆ ಸುಳಿಯುತ್ತಿದೆ. ಕಾರಣಗಳೂ ಇವೆ. ಹಂಪಿ ನೋಡಿ ಹೊಳೆ ದಾಟಿ ಆನೆಗೊಂದಿ, ಸಾಣಾಪುರದ ಕಡೆ ಬರುವ ವಿದೇಶಿ ಪ್ರವಾಸಿಗರಲ್ಲಿ ಫ್ರೆಂಚರೂ ಇರುತ್ತಾರೆ. ಅವರ ಭಾಷೆಯಲ್ಲಿ ನಾಲ್ಕು ಮಾತಾಡುವ ಗೈಡ್‌ಗೆ ಬೆಲೆಯೇ ಬೇರೆ. 2030ರ ಹೊತ್ತಿಗೆ ಭಾರತದ 30,000 ವಿದ್ಯಾರ್ಥಿಗಳನ್ನು ತನ್ನಲ್ಲಿಗೆ ಕರೆಸಿಕೊಳ್ಳುವ ಗುರಿಯನ್ನು ಫ್ರಾನ್ಸ್ ಸರ್ಕಾರ ಹಾಕಿಕೊಂಡಿದೆ. ಕೆನಡಾ 2023ರಿಂದ ಫ್ರೆಂಚ್ ಬಲ್ಲವರಿಗೆಂದೇ ವಲಸೆಯ ಬೇರೆ ಸುತ್ತು ನಡೆಸುತ್ತಿದೆ. ಇಲ್ಲೇ ಭಾನಾಪುರದಲ್ಲಿ ಆಟಿಕೆ ಕ್ಲಸ್ಟರ್ ಕಟ್ಟಿರುವ ಏಕಸ್ ಕಂಪನಿಗೆ ಫ್ರಾನ್ಸಿನಲ್ಲೂ ಘಟಕವಿದೆ. ಇವಕ್ಕೆಲ್ಲ ಮಿಗಿಲಾದ ಇನ್ನೊಂದು ಕಾರಣವನ್ನು ತಂದೆ-ತಾಯಿ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: 'ಫ್ರೆಂಚ್ ತಗೊಂಡ್ರ ಮಾರ್ಕ್ಸ್ ಚಲೋ ಬರ್ತಾವಂತಲ್ರಿ?'

ಬರುತ್ತವೆ, ಒಂದು ಬಗೆಯ ಪರೀಕ್ಷೆಯಲ್ಲಿ. ಇನ್ನೊಂದು ಬಗೆಯದರಲ್ಲಿ ಅಷ್ಟು ಸುಲಭಕ್ಕೆ ಬರುವುದಿಲ್ಲ. ಗೊಂದಲ ಇರುವುದೇ ಇಲ್ಲಿ.

ನಮ್ಮ ಎಸ್ಸೆಸ್ಸೆಲ್ಸಿಯ ಭಾಷಾ ಪಟ್ಟಿಯಲ್ಲಿ ಫ್ರೆಂಚ್ ಇಲ್ಲ; ದ್ವಿತೀಯ ಪಿಯುಸಿಯ ಪಟ್ಟಿಯಲ್ಲಿ ಇದೆ. ಅಂದರೆ ರಾಜ್ಯ ಪಠ್ಯಕ್ರಮದಲ್ಲಿ ಓದಿ ಫ್ರೆಂಚ್ ತೆಗೆದುಕೊಂಡ ಮಕ್ಕಳಲ್ಲಿ ಹೆಚ್ಚಿನವರು ಹತ್ತನೆಯ ತರಗತಿ ಮುಗಿಸಿ 'ಬೋಂಜೂರ್' ಕಲಿಯಲು ಶುರು ಮಾಡಿ, ಎರಡೇ ವರ್ಷದಲ್ಲಿ ಬೋರ್ಡ್ ಪರೀಕ್ಷೆ ಬರೆಯುತ್ತಾರೆ. ಅದಕ್ಕೆ ತಕ್ಕಂತೆಯೇ ಪತ್ರಿಕೆ ಇರುತ್ತದೆ: ಪಾಠ, ವ್ಯಾಕರಣ, ಅನುವಾದ, ಪತ್ರ. ಬಾಯಿಪಾಠಕ್ಕೆ ಒಗ್ಗುವ ಸರಕು. ಸಿಬಿಎಸ್‌ಇಯ ಹನ್ನೆರಡನೆಯ ತರಗತಿಯ ಫ್ರೆಂಚ್ ಇದಕ್ಕಿಂತ ಒಂದು ಮೆಟ್ಟಿಲು ಮೇಲೆ. ಅಲ್ಲಿ ಮಕ್ಕಳು ಸಾಮಾನ್ಯವಾಗಿ ಆರನೆಯ ತರಗತಿಯಿಂದಲೇ ಕಲಿತು ಬಂದಿರುತ್ತಾರೆ. ಆದರೂ 80 ಅಂಕ ಬರವಣಿಗೆಗೆ, 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಈ ತರಗತಿಗಳಲ್ಲಿ ಬಹುಕಾಲ ನಡೆದುಬಂದ 'ಮೋಜೇ' ಪುಸ್ತಕಮಾಲೆಯ ಮೊದಲ ಭಾಗ ಪ್ಯಾರಿಸಿನಲ್ಲಿ ಅಚ್ಚಾದದ್ದು 1953ರಲ್ಲಿ. ಪುಸ್ತಕ ಕೆಟ್ಟದ್ದಲ್ಲ, ವ್ಯಾಕರಣವನ್ನು ಅಷ್ಟು ಓರಣವಾಗಿ ಹೇಳಿಕೊಡುವವರು ಕಡಿಮೆ. ಆದರೆ ಅದನ್ನಷ್ಟೇ ಓದಿ ಪ್ಯಾರಿಸಿನ ಮೆಟ್ರೊ ಹತ್ತಿದವನಿಗೆ ಪಕ್ಕದವರ ಮಾತು ತಿಳಿಯುವುದಿಲ್ಲ.

ಮೂರನೆಯದು ದೆಲ್ಫ್. ಫ್ರಾನ್ಸಿನ ಶಿಕ್ಷಣ ಸಚಿವಾಲಯ 1985ರಿಂದ ಕೊಡುತ್ತಿರುವ ಡಿಪ್ಲೊಮಾ ಇದು. ಎ1, ಎ2, ಬಿ1, ಬಿ2 ಎಂದು ನಾಲ್ಕು ಹಂತ. ಅದರ ಮೇಲಿನ ಸಿ1, ಸಿ2ಗೆ ದಾಲ್ಫ್ ಎಂದು ಹೆಸರು. ಶಾಲಾ ವಯಸ್ಸಿನವರಿಗೆ ಬೇರೆ ಪತ್ರಿಕೆ ಇದೆ: ವಿಷಯಗಳು ಹರೆಯದವರ ಬದುಕಿನವು, ಮಟ್ಟವೂ ಪ್ರಮಾಣಪತ್ರದ ತೂಕವೂ ದೊಡ್ಡವರದ್ದೇ. ಶಾಲಾ ಮಕ್ಕಳ ಮಟ್ಟಿಗೆ ಮೇಲ್ಮಟ್ಟದ ಫ್ರೆಂಚ್ ಎಂದರೆ ಬಿ2. ಫ್ರಾನ್ಸಿನ ಎಷ್ಟೋ ವಿಶ್ವವಿದ್ಯಾಲಯಗಳು ಪದವಿಗೆ ಸೇರಿಸಿಕೊಳ್ಳಲು ಕೇಳುವುದು ಇದನ್ನೇ. ಒಮ್ಮೆ ಪಾಸಾದರೆ ಆಯುಷ್ಯವಿಡೀ ಚಾಲ್ತಿ. ಕೆನಡಾಕ್ಕೆ ಬೇಕಾಗುವ ಟಿಇಎಫ್, ಟಿಸಿಎಫ್ ಪರೀಕ್ಷೆಗಳ ಫಲಿತಾಂಶ ಎರಡು ವರ್ಷಕ್ಕೆ ಹಳಸುತ್ತದೆ, ಇದು ಹಾಗಲ್ಲ.

ದೆಲ್ಫ್‌ನಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಈ ನಾಲ್ಕಕ್ಕೂ ತಲಾ 25 ಅಂಕ. ಒಟ್ಟು 50 ಬಂದರೆ ಪಾಸು, ಆದರೆ ಯಾವುದರಲ್ಲೂ 5ಕ್ಕಿಂತ ಕಡಿಮೆ ಆಗಬಾರದು. ಪಿಯುಸಿಯಲ್ಲಿ ನೂರಕ್ಕೆ ತೊಂಬತ್ತೆಂಟು ತೆಗೆದವರು ಇಲ್ಲಿ ಬಂದು ತಬ್ಬಿಬ್ಬಾಗುವುದು ಏಕೆಂದು ಈ ಲೆಕ್ಕವೇ ಹೇಳುತ್ತದೆ. ಅರ್ಧ ಅಂಕ ಕಿವಿ ಮತ್ತು ನಾಲಿಗೆಯ ಪಾಲು. ಅವೆರಡನ್ನೂ ಅವರ ಕಾಲೇಜು ಎಂದೂ ಪರೀಕ್ಷೆಗೆ ಕೂರಿಸಿರಲಿಲ್ಲ.

ಕಿವಿ ಮೊದಲು

ಫ್ರೆಂಚ್ ಬರೆದಂತೆ ಉಚ್ಚರಿಸುವ ಭಾಷೆಯಲ್ಲ. ಬರೆದದ್ದನ್ನು ಬರೆದಂತೆಯೇ ಓದಿ ಬೆಳೆದ ಕನ್ನಡದ ಮಕ್ಕಳಿಗೆ ಇದೇ ಮೊದಲ ಹೊಡೆತ. 'ಅವನು ಮಾತಾಡುತ್ತಾನೆ', 'ಅವರು ಮಾತಾಡುತ್ತಾರೆ' ಇವೆರಡನ್ನೂ ಫ್ರೆಂಚಿನಲ್ಲಿ ಬೇರೆ ಬೇರೆ ಬರೆಯುತ್ತಾರೆ; ಬಾಯಲ್ಲಿ ಎರಡೂ 'ಇಲ್ ಪಾರ್ಲ್'. ಬಹುವಚನಕ್ಕೆಂದು ಬರೆದ ಕೊನೆಯ ಮೂರು ಅಕ್ಷರ ಯಾರಿಗೂ ಕೇಳಿಸುವುದಿಲ್ಲ. ಆದರೆ 'ಪ್ರೀತಿಸು' ಎಂಬ ಕ್ರಿಯಾಪದ ತೆಗೆದುಕೊಳ್ಳಿ: ಅವನು 'ಇಲ್ ಎಮ್', ಅವರು 'ಇಲ್ ಜೆಮ್'. ನಡುವೆ ನುಸುಳಿದ ಆ ಒಂದು ಜಕಾರವಷ್ಟೇ ಒಬ್ಬನೋ ಹಲವರೋ ಎಂದು ತಿಳಿಸುತ್ತದೆ. ಧ್ವನಿಮುದ್ರಿಕೆಯಲ್ಲಿ ಅದು ಕ್ಷಣಾರ್ಧದಲ್ಲಿ ಹಾದುಹೋಗುತ್ತದೆ. ಹಿಡಿದವನಿಗೆ ಉತ್ತರ ಸಿಕ್ಕಿತು, ಬಿಟ್ಟವನು ಪ್ರಶ್ನೆಯನ್ನೇ ತಪ್ಪಾಗಿ ತಿಳಿದ.

ಅಂಕಿಗಳದ್ದು ಇನ್ನೊಂದು ಪೇಚು. ತೊಂಬತ್ತೇಳು ಎನ್ನಲು ಫ್ರೆಂಚರು 'ನಾಲ್ಕು ಇಪ್ಪತ್ತು ಹತ್ತು ಏಳು' ಎನ್ನುತ್ತಾರೆ. ಬರವಣಿಗೆಯಲ್ಲಿ ಇದು ತಮಾಷೆ. ರೇಡಿಯೊ ವರದಿಯಲ್ಲಿ ಶೇಕಡಾವಾರು, ಇಸವಿಗಳು ಒಂದರ ಹಿಂದೊಂದು ಬಂದಾಗ ತಮಾಷೆ ಉಳಿಯುವುದಿಲ್ಲ. ಬಿ2 ಪರೀಕ್ಷೆಯ ಕೇಳುವ ಭಾಗ ಸುಮಾರು ಅರ್ಧ ಗಂಟೆ. ಕೆಲವು ತುಣುಕುಗಳನ್ನು ಎರಡು ಸಲ ಕೇಳಿಸುತ್ತಾರೆ, ಕೆಲವನ್ನು ಒಂದೇ ಸಲ.

ಇದಕ್ಕೆ ಮದ್ದು ಅಗ್ಗವಾಗಿಯೇ ಸಿಗುತ್ತದೆ. ಫ್ರಾನ್ಸಿನ ಆರ್‌ಎಫ್‌ಐ ರೇಡಿಯೊದಲ್ಲಿ ಕಲಿಯುವವರಿಗೆಂದೇ ಹತ್ತು ನಿಮಿಷದ ಸರಳ ವಾರ್ತೆ ಬರುತ್ತದೆ, ಜೊತೆಗೆ ಅದರ ಪೂರ್ತಿ ಪಠ್ಯವೂ ಇರುತ್ತದೆ. ಟಿವಿ5 ಮೋಂದ್ ವಾಹಿನಿಯ ಕಲಿಕಾ ಜಾಲತಾಣದಲ್ಲಿ ಎ1ರಿಂದ ಬಿ2ವರೆಗೆ ಹಂತ ಹಂತವಾಗಿ ಅಭ್ಯಾಸಗಳಿವೆ. ಎರಡಕ್ಕೂ ಕಾಸಿಲ್ಲ. ವಾರ್ತೆಯನ್ನು ಒಮ್ಮೆ ಸುಮ್ಮನೆ ಕೇಳಬೇಕು. ಎರಡನೆಯ ಸಲ ನಿಲ್ಲಿಸಿ ನಿಲ್ಲಿಸಿ ಕಿವಿಗೆ ಬಿದ್ದದ್ದನ್ನು ಬರೆಯಬೇಕು. ಆಮೇಲೆ ಪಠ್ಯ ತೆರೆದು ಕೆಂಪು ಪೆನ್ನಿನಿಂದ ತಿದ್ದಿಕೊಳ್ಳಬೇಕು. ನಮ್ಮ ಕನ್ನಡ ಶಾಲೆಗಳಲ್ಲಿ ಹಿಂದೆ ದಿನವೂ ನಡೆಯುತ್ತಿದ್ದ ಉಕ್ತಲೇಖನವೇ ಇದು. ಫ್ರಾನ್ಸಿನ ಶಾಲೆಗಳು ಅದನ್ನು ಇವತ್ತಿಗೂ ಬಿಟ್ಟಿಲ್ಲ.

ಇನ್ನು ನಾಲಿಗೆ. ಇಲ್ಲಿ ನಮ್ಮ ಕಡೆಯ ಮಕ್ಕಳಿಗೆ ಅನುಕೂಲವೇ ಹೆಚ್ಚು, ಅದನ್ನು ಯಾರೂ ಅವರಿಗೆ ಹೇಳಿಲ್ಲ ಅಷ್ಟೆ. ಫ್ರೆಂಚಿನಲ್ಲಿರುವುದು ನಮ್ಮ ತ, ದ. ಇಂಗ್ಲಿಷ್ ಕಲಿತ ಹುರುಪಿನಲ್ಲಿ ಅದನ್ನು ಟ, ಡ ಮಾಡುವುದು ನಾವೇ. ನೀನು–ನೀವು ಎಂಬ ಭೇದ ಅವರಲ್ಲೂ ಇದೆ. ಅದನ್ನು ಎಲ್ಲಿ ಬಳಸಬೇಕೆಂದು ಇಂಗ್ಲಿಷ್ ಮಕ್ಕಳು ವರ್ಷಗಟ್ಟಲೆ ತಡವರಿಸಿದರೆ ಯಲಬುರ್ಗಾದ ಹುಡುಗನಿಗೆ ಅದು ಹಾಲು ಕುಡಿದಾಗಲೇ ಬಂದಿರುತ್ತದೆ. ಪುರುಷಕ್ಕೆ ತಕ್ಕಂತೆ ಕ್ರಿಯಾಪದ ರೂಪ ಬದಲಿಸುವುದೂ ಹೊಸದಲ್ಲ.

ಕನ್ನಡದಲ್ಲಿ ಇಲ್ಲದ್ದನ್ನು ಈ ಸೀಮೆಯ ಉರ್ದು ಕೊಡುತ್ತದೆ. 1948ರವರೆಗೆ ಈ ಸೀಮೆ ನಿಜಾಮನ ರಾಜ್ಯದಲ್ಲಿತ್ತು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ಉರ್ದು ಬಲ್ಲವರು 'ಗಜಲ್' ಎನ್ನುವಾಗ ಗಂಟಲಿನಿಂದ ಹೊರಡಿಸುವ ಆ ಗಕಾರ ಫ್ರೆಂಚರ ರಕಾರಕ್ಕೆ ತೀರ ಹತ್ತಿರದ್ದು. 'ಹಾಂ', 'ಮೈಂ' ಎನ್ನುವಾಗಿನ ಮೂಗಿನ ಸ್ವರಗಳು ಫ್ರೆಂಚಿಗೆ ನಿತ್ಯದ ಅನ್ನ. ಕುರ್ಚಿ, ಪುಸ್ತಕಗಳಿಗೂ ಗಂಡು–ಹೆಣ್ಣೆಂಬ ಲಿಂಗವಿದೆ ಎಂದಾಗ ಕನ್ನಡ ಮಾತ್ರ ಬಲ್ಲವರು ಬೆಚ್ಚಬಹುದು. ಹಿಂದಿ, ಉರ್ದು ಗೊತ್ತಿದ್ದವರಿಗೆ ಅದು ಹಳೆಯ ಕಾಟ. ಆದರೆ ಲಿಂಗವನ್ನು ಅಲ್ಲಿಂದ ಎರವಲು ತಂದೀರಿ, ಜೋಕೆ: ಉರ್ದುವಿನ 'ಕಿತಾಬ್' ಹೆಣ್ಣು, ಫ್ರೆಂಚಿನ ಪುಸ್ತಕ ಗಂಡು. ಗಂಗಾವತಿ, ಕಾರಟಗಿ ಕಡೆಯ ವಲಸೆ ರೈತರ ಕ್ಯಾಂಪುಗಳಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು ಆಡುವ ಮಕ್ಕಳಿದ್ದಾರೆ. ಹೊಸ ಭಾಷೆಗೆ ಅವರು ಹೆದರುವುದಿಲ್ಲ. ಅವರ ಹೆದರಿಕೆ ಏನಿದ್ದರೂ ಇಂಗ್ಲಿಷಿನಲ್ಲಿ ಪಾಠ ಮಾಡುವ ಫ್ರೆಂಚ್ ಮೇಷ್ಟ್ರ ಬಗ್ಗೆ.

ಬಿ2 ಕೇಳುವುದು ವಾದವನ್ನು

ಬಿ1ವರೆಗಿನ ಪರೀಕ್ಷೆ ಮುಖ್ಯವಾಗಿ ನಿಮ್ಮ ಬದುಕು, ಅನುಭವ, ಅನಿಸಿಕೆಗಳ ಸುತ್ತ ತಿರುಗುತ್ತದೆ. ಬಿ2 ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ಒಂದು ಗಂಟೆಯಲ್ಲಿ ಕನಿಷ್ಠ 250 ಪದಗಳಲ್ಲಿ ಒಂದು ನಿಲುವನ್ನು ಮಂಡಿಸಿ ಸಮರ್ಥಿಸಬೇಕು. ಸಾಮಾನ್ಯವಾಗಿ ಅದು ಪತ್ರದ ರೂಪದಲ್ಲಿರುತ್ತದೆ: ಊರಿನ ಮೇಯರ್‌ಗೆ, ಶಾಲೆಯ ಮುಖ್ಯಸ್ಥರಿಗೆ, ಪತ್ರಿಕೆಯ ಸಂಪಾದಕರಿಗೆ. ಗ್ರಂಥಾಲಯ ಮುಚ್ಚುತ್ತಾರಂತೆ, ಪೇಟೆಯಲ್ಲಿ ವಾಹನ ನಿಷೇಧಿಸುತ್ತಾರಂತೆ, ನೀವೇನು ಹೇಳುತ್ತೀರಿ ಎನ್ನುವ ಧಾಟಿಯ ಪ್ರಶ್ನೆಗಳು.

ನನ್ನ ಅನಿಸಿಕೆ ಇಷ್ಟು: ಈ ಭಾಗದ ತಯಾರಿಯನ್ನು ಫ್ರೆಂಚಿನಲ್ಲಲ್ಲ, ಕನ್ನಡದಲ್ಲೇ ಶುರು ಮಾಡಬೇಕು. ತನ್ನ ಭಾಷೆಯಲ್ಲಿ ಒಂದು ಮಾತನ್ನು ಎತ್ತಿ, ಎದುರಾಳಿಯ ಮಾತಿಗೂ ಜಾಗ ಕೊಟ್ಟು, ಉದಾಹರಣೆಯಿಟ್ಟು, ಕೊನೆಗೊಂದು ಸಲಹೆಗೆ ಬರಲು ಗೊತ್ತಿಲ್ಲದವರಿಗೆ ಫ್ರೆಂಚಿನಲ್ಲಿ ಅದು ಹೇಗೆ ಬಂದೀತು? ಬಿ2ನಲ್ಲಿ ಎಡವುವ ಎಷ್ಟೋ ಉತ್ತರಪತ್ರಿಕೆಗಳಲ್ಲಿ ವ್ಯಾಕರಣ ತಪ್ಪಿರುವುದಿಲ್ಲ, ಹೇಳುವುದಕ್ಕೇ ಏನೂ ಇರುವುದಿಲ್ಲ. ಚರ್ಚಾಸ್ಪರ್ಧೆಯಲ್ಲಿ ಪರ-ವಿರೋಧ ಮಾತಾಡಿ ಪಳಗಿದ ಕುಷ್ಟಗಿಯ ಸರ್ಕಾರಿ ಕಾಲೇಜಿನ ಹುಡುಗಿಗೆ, ಗೈಡ್ ಓದಿ ಪ್ರಬಂಧ ಬರೆಯುವ ದೊಡ್ಡ ಶಾಲೆಯ ಹುಡುಗನಿಗಿಂತ ಇಲ್ಲಿ ಒಂದು ಹೆಜ್ಜೆ ಮುಂದಿರಲು ಸಾಧ್ಯ.

ವಿಷಯಕ್ಕಂತೂ ಈ ಜಿಲ್ಲೆಯಲ್ಲಿ ಬರವಿಲ್ಲ. ಕೊಪ್ಪಳದ ಸುತ್ತಲಿನ ಕಬ್ಬಿಣ–ಉಕ್ಕಿನ ಕಾರ್ಖಾನೆಗಳನ್ನೇ ತೆಗೆದುಕೊಳ್ಳಿ. ಇನ್ನೊಂದು ದೊಡ್ಡ ಕಾರ್ಖಾನೆ ಬೇಕೋ ಬೇಡವೋ ಎಂಬ ವಿವಾದ 2025ರ ಫೆಬ್ರುವರಿಯಲ್ಲಿ ಊರು ಬಂದ್ ಮಾಡುವವರೆಗೂ ಹೋಯಿತು. ಆ ವಾದದ ಎರಡೂ ಮಗ್ಗುಲು ಇಲ್ಲಿನ ಮಕ್ಕಳಿಗೆ ಕಂಠಸ್ಥ. ಅದನ್ನೇ ಫ್ರೆಂಚಿಗಿಳಿಸಿ ನೋಡಿ. 'ಸರ್ತ್, ಲ್ಯುಜೀನ್ ದೊನ್ ದ್ಯು ತ್ರವಾಯ್': ಕಾರ್ಖಾನೆ ಕೆಲಸ ಕೊಡುತ್ತದೆ, ನಿಜ. 'ಪೂರ್ತಾಂ, ಲಾ ಪೂಸ್ಯೇರ್ ಆಂತ್ರ್ ದಾಂ ನೊ ಮೇಜೋಂ': ಆದರೂ ಧೂಳು ನಮ್ಮ ಮನೆಯೊಳಕ್ಕೇ ಬರುತ್ತದೆ. 'ಸರ್ತ್' ಎಂದು ಒಪ್ಪಿ, 'ಪೂರ್ತಾಂ' ಎಂದು ತಿರುಗಿಬೀಳುವ ಈ ಎರಡು ಮೆಟ್ಟಿಲು ಹತ್ತಲು ಬಂದರೆ ಬಿ2 ಪತ್ರದ ಬೆನ್ನೆಲುಬು ಸಿಕ್ಕಂತೆ. ಮೊದಲಿಗೆ ಎನ್ನಲು 'ದಾಬೊರ್', ಮತ್ತೊಂದೆಡೆ ಎನ್ನಲು 'ಆಂ ರವಾಂಶ್', ಆದ್ದರಿಂದ ಎನ್ನಲು 'ಪಾರ್ ಕೋಂಸೆಕಾಂ': ಇಂಥ ಹತ್ತು ಹನ್ನೆರಡು ಕೊಂಡಿಗಳು ಸಾಕು, ಮೂವತ್ತು ಬೇಡ. ಪತ್ರದ ಕೊನೆಗೆ ಬರೆಯುವ ಉದ್ದನೆಯ ವಂದನೆಯ ವಾಕ್ಯವೊಂದಿದೆ. ನಮ್ಮ ಅರ್ಜಿಗಳ 'ಇಂತಿ ತಮ್ಮ ವಿಧೇಯ'ಕ್ಕಿಂತಲೂ ಬಳುಕುವ ವಾಕ್ಯ. ಅದೊಂದನ್ನು ಮಾತ್ರ ಕಣ್ಣುಮುಚ್ಚಿ ಬಾಯಿಪಾಠ ಮಾಡಿ.

ಮೌಖಿಕ ಪರೀಕ್ಷೆಯೂ ಇದರದೇ ತಮ್ಮ. ಚೀಟಿಗಳಿಂದ ಎರಡನ್ನು ಎತ್ತಿ, ಒಂದನ್ನು ಆಯ್ದುಕೊಳ್ಳಬೇಕು. ಅದರಲ್ಲಿ ಒಂದು ಸಣ್ಣ ಪತ್ರಿಕಾ ಬರಹ ಇರುತ್ತದೆ. ಅರ್ಧ ಗಂಟೆ ತಯಾರಿ, ಇಪ್ಪತ್ತು ನಿಮಿಷ ಮಾತು: ಮೊದಲು ಆ ಬರಹ ಎತ್ತುವ ಸಮಸ್ಯೆ ಏನೆಂದು ಹೇಳಿ ನಿಮ್ಮ ನಿಲುವು ಮಂಡಿಸಬೇಕು, ಆಮೇಲೆ ಪರೀಕ್ಷಕರು ಬೇಕೆಂದೇ ಎದುರು ವಾದ ಹೂಡುತ್ತಾರೆ. ಇಲ್ಲಿ ನಮ್ಮ ಮಕ್ಕಳು ಮಾಡುವ ದೊಡ್ಡ ತಪ್ಪು ವಿನಯ. ಗುರುಗಳಿಗೆ ಎದುರು ಮಾತಾಡಬಾರದೆಂದು ಕಲಿತವರು ಪರೀಕ್ಷಕರು ಆಕ್ಷೇಪಿಸಿದ ಕೂಡಲೇ 'ವೀ, ಮದಾಮ್' ಎಂದು ತಲೆಯಾಡಿಸಿಬಿಡುತ್ತಾರೆ. ಅಲ್ಲಿಗೆ ಅಂಕ ಹೋಯಿತು. ನಿಮ್ಮ ನಿಲುವಿಗೆ ಅಂಟಿಕೊಂಡು, ಮರ್ಯಾದೆ ಬಿಡದೆ ಜಗ್ಗಾಡುವುದನ್ನೇ ಅವರು ಅಳೆಯುತ್ತಿರುವುದು.

ಅಮೆರಿಕದಲ್ಲಿರುವ ಕನ್ನಡ ಮನೆಗಳ ಮಕ್ಕಳು ಹೈಸ್ಕೂಲಿನಲ್ಲಿ ಬರೆಯಬಹುದಾದ ಎಪಿ ಫ್ರೆಂಚ್ ಪರೀಕ್ಷೆಯಲ್ಲಿ ಒಂದು ಚಂದದ ಪ್ರಶ್ನೆ ಇದೆ: ನಾಲ್ಕು ನಿಮಿಷ ಯೋಚಿಸಿ, ನಿಮ್ಮ ಸಮುದಾಯದ ಒಂದು ರೂಢಿಯನ್ನು ಫ್ರೆಂಚ್ ಆಡುವ ಯಾವುದಾದರೂ ನಾಡಿನ ರೂಢಿಯ ಜೊತೆ ಹೋಲಿಸಿ ಎರಡು ನಿಮಿಷ ಮಾತಾಡಬೇಕು. ದೆಲ್ಫ್‌ನಲ್ಲಿ ಈ ಪ್ರಶ್ನೆ ಇಲ್ಲದಿದ್ದರೂ ಅಭ್ಯಾಸಕ್ಕೆ ಕದ್ದುಕೊಳ್ಳಬೇಕಾದ್ದು. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹ, ಕಿನ್ನಾಳದ ಬಣ್ಣದ ಗೊಂಬೆ, 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯ: ಎರಡೆರಡು ನಿಮಿಷ ಇವುಗಳ ಬಗ್ಗೆ ಮಾತಾಡಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಲಕ್ಷಾಂತರ ಜನಕ್ಕೆ ಊಟ ಬಡಿಸುವುದನ್ನು ಫ್ರೆಂಚಿನಲ್ಲಿ ವಿವರಿಸಲು ಹೊರಟಾಗ ಯಾವ ಪದ ಗೊತ್ತಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಆ ಪದಗಳನ್ನೇ ಕಲಿಯಿರಿ. ಪ್ಯಾರಿಸ್ಸಿನ ಕೆಫೆಯಲ್ಲಿ ಕಾಫಿ ಕೇಳುವ ಪಾಠ ಎಲ್ಲ ಪುಸ್ತಕದಲ್ಲೂ ಇದ್ದೇ ಇದೆ.

ಮೂರು ತಿಂಗಳ ಜಾಹೀರಾತು

'ಮೂರು ತಿಂಗಳಲ್ಲಿ ಬಿ2' ಎಂಬ ಜಾಹೀರಾತುಗಳನ್ನು ನಂಬಬೇಡಿ. ಸೊನ್ನೆಯಿಂದ ಬಿ2 ಮುಟ್ಟಲು 500ರಿಂದ 600 ಗಂಟೆ ಕಲಿಕೆ ಬೇಕೆಂಬುದು ಕಲಿಸುವವರ ನಡುವೆ ರೂಢಿಯಲ್ಲಿರುವ ಅಂದಾಜು. ದಿನಕ್ಕೊಂದು ಗಂಟೆಯ ಲೆಕ್ಕದಲ್ಲಿ ಸುಮಾರು ಒಂದೂವರೆ ವರ್ಷ, ಅದೂ ಒಂದು ದಿನವೂ ತಪ್ಪಿಸದಿದ್ದರೆ. ಪಿಯುಸಿ ವಿಜ್ಞಾನ, ಸಿಇಟಿ, ನೀಟ್ ಎಂದು ಓಡುತ್ತಿರುವ ಹುಡುಗರಿಗೆ ಇದು ಹೇಳಿಸಿದ್ದಲ್ಲ ಎಂದು ನೇರವಾಗಿ ಹೇಳುವುದು ವಾಸಿ. ಒಂಬತ್ತನೆಯ ತರಗತಿಯಲ್ಲಿ ಹಿಡಿದರೆ ಎಸ್ಸೆಸ್ಸೆಲ್ಸಿ ಹೊತ್ತಿಗೆ ಎ2, ದ್ವಿತೀಯ ಪಿಯುಸಿ ಮುಗಿದ ಬೇಸಿಗೆಗೆ ಬಿ2 ಎಂದುಕೊಂಡು ನಡೆಯಬಹುದು.

ಕಲಿಸುವವರು ಎಲ್ಲಿ? ನಮ್ಮ ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿ ಭಾಷೆಯ ಆಯ್ಕೆ ಸಾಮಾನ್ಯವಾಗಿ ಕನ್ನಡ, ಹಿಂದಿ, ಉರ್ದು, ಸಂಸ್ಕೃತಕ್ಕೆ ಮುಗಿಯುತ್ತದೆ. ಬೆಂಗಳೂರಿನ ವಸಂತನಗರದ ತಿಮ್ಮಯ್ಯ ರಸ್ತೆಯಲ್ಲಿ ಅಲಿಯಾನ್ಸ್ ಫ್ರಾನ್ಸೇಸ್ ಇದೆ. ಅದರ ತರಗತಿಗಳು ಆನ್‌ಲೈನ್‌ನಲ್ಲೂ ಸಿಗುತ್ತವೆ, ದೆಲ್ಫ್ ಪರೀಕ್ಷೆಯೂ ಅಲ್ಲಿ ನಡೆಯುತ್ತದೆ. ಕೊಪ್ಪಳದಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು. ಆದರೆ ನಿದ್ದೆಗೆಟ್ಟು ಇಳಿದವರು ಅದೇ ದಿನ ಕೇಳುವ ಪರೀಕ್ಷೆಗೆ ಕೂರಬಾರದು. ಒಂದು ದಿನ ಮೊದಲೇ ಹೋಗಿ ಉಳಿಯಿರಿ. ಬರವಣಿಗೆ ಒಂದು ದಿನ, ಮೌಖಿಕ ಇನ್ನೊಂದು ದಿನ ಬೀಳುವುದೂ ಉಂಟು. ರೈಲಿನ ಟಿಕೆಟ್ ತೆಗೆಸುವ ಮುಂಚೆ ಎರಡೂ ದಿನಾಂಕ ಖಚಿತ ಮಾಡಿಕೊಳ್ಳಿ. ಅಧಿಕೃತ ಮಾದರಿ ಪತ್ರಿಕೆಗಳು, ಧ್ವನಿಮುದ್ರಿಕೆ ಸಮೇತ, ಪರೀಕ್ಷೆ ನಡೆಸುವ ಫ್ರಾನ್ಸಿನ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿವೆ. ಅದೇ ಪತ್ರಿಕೆಗಳನ್ನು ದುಡ್ಡಿಗೆ ಮಾರುವವರೂ ಇದ್ದಾರೆ.

ಕಾಲೇಜಿನಲ್ಲಿ ಕನ್ನಡ ಬಿಟ್ಟು ಫ್ರೆಂಚ್ ತೆಗೆದುಕೊಳ್ಳಲೇ ಎಂದು ಕೇಳುವವರಿಗೆ ನನ್ನ ಉತ್ತರ, ಬೇಡ. ಅಂಕಕ್ಕಾಗಿ ತೆಗೆದುಕೊಂಡ ಫ್ರೆಂಚ್ ಅಂಕಪಟ್ಟಿ ಕೈಗೆ ಬಂದ ದಿನವೇ ಮರೆತುಹೋಗುತ್ತದೆ. ಕನ್ನಡ ಇಟ್ಟುಕೊಂಡು, ಫ್ರೆಂಚನ್ನು ಹೊರಗೆ ಕಲಿತು ದೆಲ್ಫ್ ಬರೆಯುವುದು ಎರಡಕ್ಕೂ ಕ್ಷೇಮ. ಹಾವೇರಿ ಸೀಮೆಯಲ್ಲಿ ಹುಟ್ಟಿ ಧಾರವಾಡದಲ್ಲಿ ಓದಿದ ವಸುಂಧರಾ ಫಿಲಿಯೋಜಾ ಅವರು ಪ್ಯಾರಿಸ್ಸಿಗೆ ಹೋಗಿ ವಿಜಯನಗರದ ಶಾಸನಗಳ ಮೇಲೆ ಫ್ರೆಂಚಿನಲ್ಲೇ ಬರೆದರು. ಆರಂಭದಿಂದ 1377ರವರೆಗಿನ ಆ ಶಾಸನಗಳ ಗ್ರಂಥವನ್ನು 1973ರಲ್ಲಿ ಫ್ರಾನ್ಸಿನ ದೂರಪ್ರಾಚ್ಯ ಅಧ್ಯಯನ ಸಂಸ್ಥೆ ಪ್ರಕಟಿಸಿತು. ಕನ್ನಡ ಶಾಸನ ಓದಲು ಬರುತ್ತಿದ್ದುದೇ ಅಲ್ಲಿ ಅವರ ಬಂಡವಾಳವಾಗಿತ್ತು. ಆನೆಗೊಂದಿ ಪಕ್ಕದಲ್ಲಿಟ್ಟುಕೊಂಡು ಕೂತಿರುವ ಗಂಗಾವತಿಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಮಾದರಿ ಬೇಕಿಲ್ಲ.

ತಳಕಲ್‌ನಲ್ಲಿರುವ ಕೊಪ್ಪಳ ವಿಶ್ವವಿದ್ಯಾಲಯ ಫ್ರೆಂಚಿಗೆ ಒಂದು ಸಂಜೆ ಸರ್ಟಿಫಿಕೇಟ್ ಕೋರ್ಸ್ ತೆರೆಯಲು ದೊಡ್ಡ ಕಟ್ಟಡವೇನೂ ಬೇಡ. ಒಬ್ಬ ಒಳ್ಳೆಯ ಉಪನ್ಯಾಸಕ, ಒಂದು ಸ್ಪೀಕರ್, ವಾರಕ್ಕೆ ಮೂರು ತರಗತಿ ಸಾಕು. ಪಿಯುಸಿ ಮಕ್ಕಳಿಗೂ ಆನೆಗೊಂದಿಯ ಗೈಡ್‌ಗಳಿಗೂ ಅದರಲ್ಲಿ ಜಾಗವಿರಲಿ, ಪಾಠ ಕನ್ನಡದಲ್ಲೇ ನಡೆಯಲಿ. ವಿಶ್ವವಿದ್ಯಾಲಯ ಬರುವ ಶೈಕ್ಷಣಿಕ ವರ್ಷಕ್ಕೇ ಇದನ್ನು ಕೈಗೆತ್ತಿಕೊಳ್ಳಬೇಕು.